ಮಾಂಗಲ್ಯಧಾರಣೆಯ ಹೊತ್ತಿಗೇ ಚಿತ್ರ ಒಡೆಯುತ್ತದೆ: ವಿಸಿಡಿ, ವಿಎಚ್‌ಎಸ್‌ನಿಂದ ಡಿವಿಡಿಗೆ ಇಳಿಸುವಾಗ ಬಿಟ್‌ರೇಟ್ ದೋಷ ಪತ್ತೆ

ಹಳೆಯ ಮದುವೆ ಕ್ಯಾಸೆಟ್ಟು, ಯಕ್ಷಗಾನದ ವಿಸಿಡಿ, ಶಾಲಾ ವಾರ್ಷಿಕೋತ್ಸವದ ಡಿಸ್ಕು ಇವನ್ನೆಲ್ಲ ಡಿವಿಡಿಗೆ ಇಳಿಸುವಾಗ ಚಿತ್ರ ಕೆಟ್ಟರೆ ಎಲ್ಲರ ಕೈ ಮೊದಲು ಹೋಗುವುದು ಬಿಟ್‌ರೇಟಿನ ಮೇಲೆ, ಅಂದರೆ ಒಂದೊಂದು ಸೆಕೆಂಡಿನ ಚಿತ್ರಕ್ಕೆ ಕೊಡುವ ಮಾಹಿತಿಯ ಪ್ರಮಾಣದ ಮೇಲೆ. 4000 ಇದ್ದದ್ದು 6000 ಆಗುತ್ತದೆ, 6000 ಇದ್ದದ್ದು 9000 ಆಗುತ್ತದೆ. ಡಿಸ್ಕ್ ತುಂಬಿಹೋಗುತ್ತದೆ, ಚಿತ್ರ ಮಾತ್ರ ಹಾಗೆಯೇ ಇರುತ್ತದೆ. ಬಿಟ್‌ರೇಟ್ ಮೂಲದಲ್ಲಿರುವ ವಿವರವನ್ನು ಉಳಿಸಿಕೊಡುತ್ತದೆಯೇ ಹೊರತು ಇಲ್ಲದ ವಿವರವನ್ನು ತಂದುಕೊಡುವುದಿಲ್ಲ. ಅದೂ ಅಲ್ಲದೆ ಬಿಟ್‌ರೇಟ್ ಕೊರತೆ ಅಂತ ಕಾಣುವ ತೊಂದರೆಗಳಲ್ಲಿ ಬಹಳಷ್ಟು ಬೇರೆಲ್ಲಿಂದಲೋ ಬಂದಿರುತ್ತವೆ. ಯಾವುದು ಎಲ್ಲಿಂದ ಬಂತು ಎಂದು ಪತ್ತೆ ಮಾಡಿದ ಮೇಲೆಯೇ ಅಂಕಿ ಬದಲಾಯಿಸಬೇಕು.

ಇಲ್ಲಿನ ಬಿಟ್‌ರೇಟ್ ಅಂಕಿಗಳೆಲ್ಲ ಸೆಕೆಂಡಿಗೆ ಎಷ್ಟು ಕಿಲೋಬಿಟ್ ಎಂಬ ಲೆಕ್ಕದಲ್ಲಿವೆ. ಚಿತ್ರದ ಅಳತೆ ಭಾರತದ ಟಿವಿ, ಡಿವಿಡಿಗಳು ಅನುಸರಿಸುತ್ತ ಬಂದ ಪಾಲ್ ಪದ್ಧತಿಯದು, ಅಂದರೆ ಸೆಕೆಂಡಿಗೆ 25 ಫ್ರೇಮ್.

ಮೊದಲು ಲಕ್ಷಣ ಗುರುತಿಸಿ

ಹಾಳಾಗಿ ಕಾಣುವ ಜಾಗವನ್ನು ಮೂರು ಕಡೆ ನೋಡಿ: ಮೂಲ ಡಿಸ್ಕ್ ಅಥವಾ ಕ್ಯಾಸೆಟ್, ಹೊಸ ಫೈಲು ಕಂಪ್ಯೂಟರಿನಲ್ಲಿ, ಬರ್ನ್ ಮಾಡಿದ ಡಿಸ್ಕು ಟಿವಿಯ ಪ್ಲೇಯರಿನಲ್ಲಿ. ಮೂಲದಲ್ಲೇ ಚೌಕ ಚೌಕವಾಗಿ ಒಡೆದಿದ್ದರೆ ಯಾವ ಬಿಟ್‌ರೇಟೂ ಅದನ್ನು ಸರಿಮಾಡದು. ಮೂಲ ಚೆನ್ನಾಗಿದ್ದು ಹೊಸ ಫೈಲು ಎರಡೂ ಕಡೆ ಒಡೆದಿದ್ದರೆ ಅದು ನಿಜವಾದ ಬಿಟ್‌ರೇಟ್ ಕೊರತೆ. ಕಂಪ್ಯೂಟರಿನಲ್ಲಿ ಸರಾಗವಾಗಿ ಓಡಿ ಪ್ಲೇಯರಿನಲ್ಲಿ ಮಾತ್ರ ‘ಸ್ಟ್ರಕ್’ ಆಗುತ್ತಿದ್ದರೆ ಒಂದೋ ಬಿಟ್‌ರೇಟ್ ಮಿತಿ ಮೀರಿದೆ, ಇಲ್ಲವೇ ಡಿಸ್ಕ್ ಸರಿಯಾಗಿ ಬರೆದಿಲ್ಲ. ನಿಂತ ದೃಶ್ಯವೆಲ್ಲ ಸ್ಪಷ್ಟವಾಗಿದ್ದು, ಯಾರಾದರೂ ಅಡ್ಡ ನಡೆದಾಗ ಮಾತ್ರ ಅಂಚು ಗೆರೆಗೆರೆಯಾಗಿ ಸೀಳಿದರೆ ಅಥವಾ ನಡುಗಿದರೆ ಅದು ಫೀಲ್ಡ್ ಕ್ರಮದ ದೋಷ (ಫೀಲ್ಡ್ ಎಂದರೆ ಸಾಲು ಬಿಟ್ಟು ಸಾಲು ತೆಗೆದ ಅರ್ಧ ಫ್ರೇಮ್). ಅಲ್ಲಿ ಬಿಟ್‌ರೇಟಿನ ಪಾತ್ರವೇ ಇಲ್ಲ.

ಮೂಲ ಫೈಲನ್ನು ಅದರ ವಿವರ ತೋರಿಸುವ ಮೀಡಿಯಾಇನ್ಫೋ ಸಾಫ್ಟ್‌ವೇರಿನಲ್ಲಿ ತೆರೆದು ಐದು ವಿಷಯ ಬರೆದಿಟ್ಟುಕೊಳ್ಳಿ: ಕೋಡೆಕ್ (ಸಂಕುಚನದ ವಿಧಾನ), ಚಿತ್ರದ ಅಳತೆ, ಫ್ರೇಮ್ ದರ, ಸ್ಕ್ಯಾನ್ ಬಗೆ (ಫೀಲ್ಡುಗಳಾಗಿದ್ದರೆ ಇಂಟರ್ಲೇಸ್, ಪೂರ್ತಿ ಫ್ರೇಮುಗಳಾಗಿದ್ದರೆ ಪ್ರೊಗ್ರೆಸಿವ್), ಧ್ವನಿಯ ಸ್ಯಾಂಪಲ್ ದರ (ಸೆಕೆಂಡಿಗೆ ಧ್ವನಿಯನ್ನು ಎಷ್ಟು ಸಲ ಅಳೆದಿದೆ ಎಂಬುದು). ಮುಂದಿನ ನಿರ್ಧಾರಗಳೆಲ್ಲ ಈ ಐದರ ಮೇಲೆ ನಿಂತಿವೆ.

ಮೂಲ ವಿಸಿಡಿಯಾದರೆ ಚಿತ್ರವನ್ನು ಮುಟ್ಟಬೇಡಿ

ವಿಸಿಡಿಯ ಮಾನದಂಡ 1993ರದು. ಚಿತ್ರ ಎಂಪೆಗ್-1 ಎಂಬ ಸಂಕುಚನ ವಿಧಾನದ್ದು, 352×288 ಅಳತೆ, ಬಿಟ್‌ರೇಟ್ 1150ಕ್ಕೆ ಕಟ್ಟಿಹಾಕಿದ್ದು. ಧ್ವನಿಯ ಸಂಕುಚನ ಎಂಪಿ2, 224 ಕಿಲೋಬಿಟ್, 44.1 ಕಿಲೋಹರ್ಟ್ಸ್. 1150ನ್ನು 25 ಫ್ರೇಮಿಗೆ ಹಂಚಿದರೆ ಒಂದು ಫ್ರೇಮಿಗೆ ಸಿಗುವುದು ಸರಾಸರಿ 5750 ಬೈಟ್. ತೆಂಕುತಿಟ್ಟಿನ ಪುಂಡುವೇಷ ಧಿಗಿಣ ಹಾಕುವಾಗ ಅಥವಾ ಬಡಗಿನ ಕಲಾವಿದರು ಮಂಡಿ ಕುಣಿತದಲ್ಲಿ ಸುತ್ತುವಾಗ ಕಿರೀಟದ ಬೇಗಡೆಯ ಮಿನುಗು, ಸೀರೆಯ ಚೌಕುಳಿ, ಹಿಂದಿನ ಪರದೆಯ ಮಡಿಕೆ ಎಲ್ಲವೂ ಇಷ್ಟರಲ್ಲೇ ಹಿಡಿಸಬೇಕು. ಹಿಡಿಸುವುದಿಲ್ಲ. ಆ ವಿವರ ವಿಸಿಡಿ ತಯಾರಾದ ದಿನವೇ ಹೋಗಿದೆ, ಅದರ ಜಾಗದಲ್ಲಿ 8×8 ಪಿಕ್ಸೆಲ್‌ನ ಚೌಕಗಳ ಅಂಚು ಉಳಿದಿದೆ.

ಈ ಚಿತ್ರವನ್ನು 720×576ಕ್ಕೆ ಹಿಗ್ಗಿಸಿ ಡಿವಿಡಿಯ ಸಂಕುಚನ ವಿಧಾನವಾದ ಎಂಪೆಗ್-2ರಲ್ಲಿ ಮತ್ತೆ ಎನ್‌ಕೋಡ್ ಮಾಡಿದರೆ, ಅಂದರೆ ಹೊಸದಾಗಿ ಸಂಕುಚಿಸಿ ಬರೆದರೆ, ಆ ಚೌಕದ ಅಂಚುಗಳೂ ಎರಡು ಪಟ್ಟು ಹಿಗ್ಗುತ್ತವೆ. ಎನ್‌ಕೋಡರಿಗೆ ಅದು ಹಳೆಯ ಗಾಯ ಎಂದು ಗೊತ್ತಾಗುವುದಿಲ್ಲ, ಚಿತ್ರದ ನಿಜವಾದ ಗೆರೆ ಎಂದೇ ತಿಳಿದು ಬಿಟ್‌ಗಳನ್ನು ಅದಕ್ಕೆ ಸುರಿಯುತ್ತದೆ. 8000 ಕೊಟ್ಟರೆ ದೋಷಗಳನ್ನು 8000ದಷ್ಟು ನಿಷ್ಠೆಯಿಂದ ಕಾಪಾಡಿದಂತಾಗುತ್ತದೆ. ಟಿವಿಯ ಪರದೆಗೆ ಹಿಗ್ಗಿಸುವ ಕೆಲಸವನ್ನು ಪ್ಲೇಯರ್ ತಾನೇ ಮಾಡಿಕೊಳ್ಳುತ್ತದೆ, ನಾವು ಮೊದಲೇ ಮಾಡಿ ಗಳಿಸುವುದು ಏನೂ ಇಲ್ಲ.

ಡಿವಿಡಿ-ವಿಡಿಯೊ ಮಾನದಂಡ ಎಂಪೆಗ್-1 ಚಿತ್ರವನ್ನೂ ಒಪ್ಪುತ್ತದೆ: 352×288 ಅಳತೆ, 1856ರವರೆಗಿನ ಬಿಟ್‌ರೇಟ್. ವಿಸಿಡಿಯ ಚಿತ್ರ ಈ ಮಿತಿಯೊಳಗೇ ಇದೆ. ಬದಲಾಗಬೇಕಾದದ್ದು ಧ್ವನಿ ಒಂದೇ, ಏಕೆಂದರೆ ಡಿವಿಡಿಗೆ 48 ಕಿಲೋಹರ್ಟ್ಸ್ ಕಡ್ಡಾಯ. ಕೆಲಸದ ಕ್ರಮ ಹೀಗೆ: ಡಿಸ್ಕಿನ ಎಂಪೆಗ್‌ಎವಿ ಫೋಲ್ಡರಿನಲ್ಲಿರುವ ಡ್ಯಾಟ್ ಫೈಲನ್ನು ವಿಸಿಡಿಗೇರ್ ಅಥವಾ ಐಸೋಬಸ್ಟರ್‌ನಿಂದ ಎಂಪೆಗ್ ಆಗಿ ತೆಗೆಯಿರಿ. ಚಿತ್ರವನ್ನೂ ಧ್ವನಿಯನ್ನೂ ಬೇರ್ಪಡಿಸಿ (ಇದನ್ನೇ ಡಿಮಕ್ಸ್ ಎನ್ನುವುದು). ಧ್ವನಿಯನ್ನು 48 ಕಿಲೋಹರ್ಟ್ಸ್‌ಗೆ ರೀಸ್ಯಾಂಪಲ್ ಮಾಡಿ ಎಂಪಿ2 ಅಥವಾ ಎಸಿ-3ರಲ್ಲಿ (ಡಾಲ್ಬಿಯ ಧ್ವನಿ ಸಂಕುಚನ) 224ಕ್ಕೆ ಇಡಿ. ಚಿತ್ರವನ್ನು ಇದ್ದ ಹಾಗೆಯೇ ಆಥರಿಂಗ್ ಸಾಫ್ಟ್‌ವೇರಿಗೆ (ಚಿತ್ರ, ಧ್ವನಿ, ಮೆನು ಸೇರಿಸಿ ಡಿವಿಡಿಯ ರೂಪ ಕೊಡುವಂಥದು) ಕೊಡಿ. ಡಿವಿಡಿಸ್ಟೈಲರ್‌ನಲ್ಲಾದರೆ ವಿಡಿಯೊದ ಗುಣಲಕ್ಷಣದಲ್ಲಿ ‘ಕಾಪಿ’ ಎಂದು ಆರಿಸಬೇಕು. ಹಾಗೆ ಬಿಟ್ಟರೆ ಅದು ತನ್ನಷ್ಟಕ್ಕೆ ಎನ್‌ಕೋಡ್ ಮಾಡಿಬಿಡುವ ಸಂಭವ ಇದೆ. ಕೆಲವು ಆಥರಿಂಗ್ ಸಾಫ್ಟ್‌ವೇರ್ ‘ಸೀಕ್ವೆನ್ಸ್ ಹೆಡರ್ ಇಲ್ಲ’ ಎಂದು ತಕರಾರು ತೆಗೆಯುತ್ತವೆ. ಹೆಡರ್ ಎಂದರೆ ಚಿತ್ರದ ಅಳತೆ, ದರ ತಿಳಿಸುವ ತಲೆಬರಹ. ಪ್ರತಿ ಫ್ರೇಮ್ ಗುಂಪಿನ ಮುಂದೆಯೂ ಹೆಡರ್ ಸೇರಿಸುವ ಆಯ್ಕೆ ವಿಸಿಡಿ ತಿದ್ದುವ ಸಲಕರಣೆಗಳಲ್ಲಿ ಇರುತ್ತದೆ, ಅದಕ್ಕೂ ಮರು ಎನ್‌ಕೋಡ್ ಬೇಕಿಲ್ಲ.

ಈ ದಾರಿಯಲ್ಲಿ ಜಾಗದ ಲಾಭವೂ ದೊಡ್ಡದು. ಚಿತ್ರ ಮತ್ತು ಧ್ವನಿ ಸೇರಿ 1400ರ ಆಸುಪಾಸು ಇರುವುದರಿಂದ ಒಂದು ಮಾಮೂಲಿ ಡಿವಿಡಿಯಲ್ಲಿ ಏಳು ಗಂಟೆಯ ವಿಸಿಡಿ ಸಾಮಗ್ರಿ ಕೂರುತ್ತದೆ. ನಾಲ್ಕೈದು ವಿಸಿಡಿಗಳಲ್ಲಿ ಹಂಚಿಹೋದ ಒಂದು ಪ್ರಸಂಗ ಒಂದೇ ಡಿಸ್ಕಿಗೆ ಬರುತ್ತದೆ, ಅದೂ ಮೂಲದಷ್ಟೇ ಗುಣಮಟ್ಟದಲ್ಲಿ.

ತುಟಿ ಮುಂದೆ, ಮಾತು ಹಿಂದೆ

ಧ್ವನಿ ಹೊಂದದಿದ್ದಾಗ ಮೂರು ಜಾಗದಲ್ಲಿ ಅಳೆಯಿರಿ: ಆರಂಭದಲ್ಲಿ, ನಡುವೆ, ಕೊನೆಯಲ್ಲಿ. ಚಪ್ಪಾಳೆ, ಚೆಂಡೆಯ ಪೆಟ್ಟು, ತೆಂಗಿನಕಾಯಿ ಒಡೆಯುವುದು ಇಂಥ ಜಾಗ ಹುಡುಕಿದರೆ ಅಳತೆ ಸುಲಭ.

ಮೂರೂ ಕಡೆ ಒಂದೇ ಅಂತರ ಇದ್ದರೆ, ಬೇರ್ಪಡಿಸುವಾಗ ಧ್ವನಿಯ ಆರಂಭದ ಸಮಯದ ಗುರುತು ಕಳೆದುಹೋಗಿದೆ. ಡಿಮಕ್ಸ್ ಸಾಫ್ಟ್‌ವೇರ್ ಎಷ್ಟು ಮಿಲಿಸೆಕೆಂಡ್ ವಿಳಂಬ ಎಂದು ತೋರಿಸಿರುತ್ತದೆ, ಅದೇ ಅಂಕಿಯನ್ನು ಆಥರಿಂಗ್‌ನಲ್ಲಿ ಮತ್ತೆ ಕೊಟ್ಟರೆ ಸರಿಹೋಗುತ್ತದೆ.

ಅಂತರ ಸಮನಾಗಿ ಬೆಳೆಯುತ್ತಾ ಹೋದರೆ ದರದ ತಪ್ಪು. 44.1 ಕಿಲೋಹರ್ಟ್ಸ್ ಧ್ವನಿಗೆ ನಿಜವಾಗಿ ರೀಸ್ಯಾಂಪಲ್ ಮಾಡದೆ 48 ಎಂದು ಹೆಸರು ಮಾತ್ರ ಹಚ್ಚಿದಾಗ ಒಂದು ಗಂಟೆಯ ಧ್ವನಿ 55 ನಿಮಿಷ 7 ಸೆಕೆಂಡಿಗೇ ಮುಗಿಯುತ್ತದೆ. ಇದನ್ನು ಕಿವಿಯೇ ಹಿಡಿಯುತ್ತದೆ: ಭಾಗವತರ ಶ್ರುತಿ ಹಾರ್ಮೋನಿಯಂನಲ್ಲಿ ಒಂದು ಕೀಲಿ ದಾಟಿ ಮೇಲೆ ಹೋಗಿರುತ್ತದೆ. ಶ್ರುತಿ ಸರಿಯಿದ್ದು ಗಂಟೆಗೆ 3.6 ಸೆಕೆಂಡಿನಷ್ಟು ಮಾತ್ರ ಜಾರುತ್ತಿದ್ದರೆ 29.97 ಮತ್ತು 30 ಫ್ರೇಮ್ ದರಗಳು ಅದಲುಬದಲಾಗಿವೆ ಎಂದು ಅರ್ಥ.

ಸರಿಯಿದ್ದ ಧ್ವನಿ ಯಾವುದೋ ಒಂದು ಕ್ಷಣದಿಂದ ಮುಂದಕ್ಕೆ ಥಟ್ಟನೆ ತಪ್ಪಿದರೆ ಡಿಸ್ಕಿನಲ್ಲಿ ಓದಲಾಗದ ಜಾಗ ಇದೆ. ವಿಸಿಡಿಯ ಸೆಕ್ಟರಿನಲ್ಲಿ 2324 ಬೈಟ್ ಚಿತ್ರಧ್ವನಿ ತುಂಬುತ್ತಾರೆ, ಡೇಟಾ ಸಿಡಿಯಲ್ಲಿ 2048 ಮಾತ್ರ. ಹೆಚ್ಚಿನ ಆ ಜಾಗ ಬಂದದ್ದು ದೋಷ ತಿದ್ದುವ ಬಿಟ್‌ಗಳನ್ನು ಬಿಟ್ಟುಕೊಟ್ಟು. ಹಾಗಾಗಿ ಡೇಟಾ ಸಿಡಿ ಸಹಿಸುವ ಗೀರನ್ನು ವಿಸಿಡಿ ಸಹಿಸುವುದಿಲ್ಲ. ಡಿಸ್ಕನ್ನು ಮೆತ್ತನೆಯ ಒದ್ದೆ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ಸುತ್ತು ಸುತ್ತಾಗಿ ಒರೆಸಬೇಡಿ. ಡ್ರೈವಿನ ವೇಗ ಇಳಿಸಿ ಮತ್ತೆ ಓದಿಸಿ, ಆಗದಿದ್ದರೆ ಬೇರೆ ಕಂಪನಿಯ ಡ್ರೈವಿನಲ್ಲಿ ಪ್ರಯತ್ನಿಸಿ. ಒಂದು ಡ್ರೈವ್ ಕೈಬಿಟ್ಟ ಡಿಸ್ಕನ್ನು ಇನ್ನೊಂದು ಓದುವುದು ಅಪರೂಪವೇನಲ್ಲ. ಫೈಲ್ ಸಿಕ್ಕಿದ ಮೇಲೂ ನಡುವೆ ಫ್ರೇಮುಗಳು ಬಿದ್ದುಹೋಗಿದ್ದರೆ ಪ್ರಾಜೆಕ್ಟ್ ಎಕ್ಸ್‌ನಂಥ ಸಲಕರಣೆಯಲ್ಲಿ ಡಿಮಕ್ಸ್ ಮಾಡಿ. ಅದು ಸಮಯದ ಗುರುತು ನೋಡಿಕೊಂಡು ಕಳೆದುಹೋದ ಧ್ವನಿಯ ಜಾಗಕ್ಕೆ ಮೌನ ತುಂಬಿ ತಾಳ ಸರಿಪಡಿಸುತ್ತದೆ.

ಡಿಸ್ಕಿಗೆ ಎಷ್ಟು ಹಿಡಿಸುತ್ತದೆ: ಲೆಕ್ಕ

ಮರು ಎನ್‌ಕೋಡ್ ಅನಿವಾರ್ಯವಾದಾಗ, ಅಂದರೆ ಕ್ಯಾಸೆಟ್, ಡಿವಿ ಟೇಪ್, ಫೋನಿನ ವಿಡಿಯೊ ಇಂಥ ಮೂಲಗಳಿಗೆ, ಬಿಟ್‌ರೇಟನ್ನು ಅಂದಾಜಿನಿಂದಲ್ಲ, ಅವಧಿಯಿಂದ ತೆಗೆಯಬೇಕು.

ಒಂದು ಪದರದ ಡಿವಿಡಿಯಲ್ಲಿ ಇರುವುದು ಸುಮಾರು 470 ಕೋಟಿ ಬೈಟ್. ವಿಂಡೋಸ್ ಇದನ್ನೇ 4.38 ಜಿಬಿ ಎಂದು ತೋರಿಸುತ್ತದೆ. ಡಬ್ಬದ ಮೇಲಿನ 4.7ನ್ನೂ ವಿಂಡೋಸಿನ ಜಿಬಿಯನ್ನೂ ಒಂದೇ ಅಂದುಕೊಂಡು ಫೈಲು ಮಾಡಿದವರಿಗೆ ಬರ್ನ್ ಮಾಡುವ ಹೊತ್ತಿಗೆ ಜಾಗ ಸಾಲುವುದಿಲ್ಲ. ಚಿತ್ರಧ್ವನಿಯನ್ನು ಹೆಣೆಯುವಾಗ ತಗಲುವ ಹೆಚ್ಚುವರಿ ಬೈಟ್, ಮೆನು, ಸೂಚಿ ಫೈಲು ಇವಕ್ಕೆ ಶೇಕಡಾ 4ರಷ್ಟು ಬಿಟ್ಟರೆ ಕೈಯಲ್ಲಿ ಉಳಿಯುವುದು 3 ಕೋಟಿ 60 ಲಕ್ಷ ಕಿಲೋಬಿಟ್. ಸೂತ್ರ ಇಷ್ಟೇ: 3,60,00,000ವನ್ನು ಒಟ್ಟು ಸೆಕೆಂಡಿನಿಂದ ಭಾಗಿಸಿ, ಧ್ವನಿಯ ಬಿಟ್‌ರೇಟ್ ಕಳೆಯಿರಿ. ಎರಡು ಪದರದ ಡಿಸ್ಕಿಗೆ ಮೇಲಿನ ಅಂಕಿಯ ಬದಲು 6,50,00,000 ಹಾಕಿ.

ಎಸಿ-3 ಧ್ವನಿ 192 ಎಂದಿಟ್ಟುಕೊಂಡರೆ 90 ನಿಮಿಷಕ್ಕೆ 6475, ಎರಡು ಗಂಟೆಗೆ 4800, ಎರಡೂವರೆ ಗಂಟೆಗೆ 3800, ಮೂರು ಗಂಟೆಗೆ 3140 ಬರುತ್ತದೆ. ಒಂದು ಗಂಟೆಗೆ ಲೆಕ್ಕ 9800ಕ್ಕೆ ಹೋಗುತ್ತದೆ, ಆದರೆ ಹಾಗೆ ಇಡಬಾರದು. ಸರಾಸರಿ 7000, ಗರಿಷ್ಠ 8000ಕ್ಕೆ ನಿಲ್ಲಿಸಿ. ಜಾಗ ಮಿಕ್ಕಿದರೆ ಮಿಗಲಿ.

ಎಫ್‌ಎಫ್‌ಎಂಪೆಗ್ ಎಂಬ ಎನ್‌ಕೋಡರಿನ ಪಾಲ್-ಡಿವಿಡಿ ಟಾರ್ಗೆಟ್ (ಸಿದ್ಧ ಹೊಂದಿಕೆ) ಬಳಸುವವರು ಒಂದು ಮಾತು ಗಮನಿಸಬೇಕು. ಅದು ಚಿತ್ರಕ್ಕೆ 6000, ಧ್ವನಿಗೆ 448 ಎಂದು ತಾನೇ ಹಾಕಿಕೊಳ್ಳುತ್ತದೆ. ಈ ಅಂಕಿಗೆ ಡಿಸ್ಕ್ 93 ನಿಮಿಷಕ್ಕೆ ತುಂಬುತ್ತದೆ. ‘ಕಾರ್ಯಕ್ರಮ ಎರಡು ಗಂಟೆಯದು, ಫೈಲು ಡಿಸ್ಕಿಗೆ ಹಿಡಿಸುತ್ತಿಲ್ಲ’ ಎಂಬ ದೂರಿನ ಮೂಲ ಸಾಮಾನ್ಯವಾಗಿ ಇದೇ. ಟಾರ್ಗೆಟ್ ಹೆಸರಿನ ನಂತರ ನಿಮ್ಮ ಬಿಟ್‌ರೇಟನ್ನು ಪ್ರತ್ಯೇಕವಾಗಿ ಬರೆಯಿರಿ.

ಮಾಂಗಲ್ಯಧಾರಣೆಯ ಆ ಅರ್ಧ ನಿಮಿಷ

ಮದುವೆಯ ವಿಡಿಯೊದಲ್ಲಿ ಅತ್ಯಂತ ಬೇಕಾದ ಕ್ಷಣವೇ ಎನ್‌ಕೋಡರಿಗೆ ಅತ್ಯಂತ ಕಷ್ಟದ ಕ್ಷಣ. ಎಂಪೆಗ್ ಕೆಲಸ ಮಾಡುವುದು ಹಿಂದಿನ ಫ್ರೇಮಿನಿಂದ ಮುಂದಿನದನ್ನು ಊಹಿಸಿ, ವ್ಯತ್ಯಾಸವನ್ನು ಮಾತ್ರ ಬರೆಯುವ ಮೂಲಕ. ಗಟ್ಟಿಮೇಳ ಶುರುವಾದಾಗ ನಾಲ್ಕೂ ದಿಕ್ಕಿನಿಂದ ಅಕ್ಷತೆ ಬೀಳುತ್ತದೆ: ನೂರಾರು ಸಣ್ಣ ಕಾಳು, ಒಂದೊಂದೂ ಬೇರೆ ದಿಕ್ಕಿಗೆ, ಹಿಂದಿನ ಫ್ರೇಮಿನಲ್ಲಿ ಇಲ್ಲದವು. ಅದರ ಮೇಲೆ ಫೋಟೊ ತೆಗೆಯುವವರ ಫ್ಲ್ಯಾಶ್. ಒಂದು ಫ್ಲ್ಯಾಶ್ ಹೊಡೆದರೆ ಇಡೀ ಫ್ರೇಮಿನ ಬೆಳಕು ಬದಲಾಗುತ್ತದೆ, ಊಹೆ ಪೂರ್ತಿ ಸುಳ್ಳಾಗುತ್ತದೆ, ಫ್ರೇಮನ್ನು ಹೊಸದಾಗಿಯೇ ಬರೆಯಬೇಕಾಗುತ್ತದೆ. ಮುಂದಿನ ಫ್ರೇಮಿನಲ್ಲಿ ಬೆಳಕು ಮತ್ತೆ ಹಳೆಯದು, ಮತ್ತೆ ಅದೇ ಪಾಡು. ಜೊತೆಗೆ ಧಾರೆಸೀರೆಯ ಜರಿ, ಮಂಟಪದ ಮಲ್ಲಿಗೆ ಸರ, ಹಿಂದೆ ಮಿನುಗುವ ಸೀರಿಯಲ್ ಲೈಟು. 3800ರ ಸರಾಸರಿಯಲ್ಲಿ ಒಂದು ಫ್ರೇಮಿಗೆ 19 ಕಿಲೋಬೈಟ್ ಸಿಗುತ್ತದೆ, ಇಂಥ ಫ್ರೇಮಿಗೆ ಅದರ ಮೂರು ನಾಲ್ಕು ಪಟ್ಟು ಬೇಕು. ಸ್ಥಿರ ಬಿಟ್‌ರೇಟಿನಲ್ಲಿ ಎನ್‌ಕೋಡ್ ಮಾಡಿದ್ದರೆ ಆ ಹೆಚ್ಚುವರಿ ಎಲ್ಲಿಂದಲೂ ಬರುವುದಿಲ್ಲ. ವರನ ಕೈ, ವಧುವಿನ ಕೊರಳು ಎಲ್ಲ ಚೌಕವಾಗಿ ಕಲಸಿಹೋಗುತ್ತದೆ. ಇದಕ್ಕೂ ಮುಂಚಿನ ಅರ್ಧ ಗಂಟೆ ಪುರೋಹಿತರು ಒಂದೇ ಕಡೆ ಕುಳಿತು ಮಂತ್ರ ಹೇಳುತ್ತಿದ್ದಾಗ ಅಷ್ಟೇ ಬಿಟ್‌ಗಳು ಸುಮ್ಮನೆ ಪೋಲಾಗಿರುತ್ತವೆ.

ಇದಕ್ಕೆ ಮದ್ದು ಎರಡು ಸುತ್ತಿನ ಬದಲಾಗುವ ಬಿಟ್‌ರೇಟ್. ಮೊದಲ ಸುತ್ತಿನಲ್ಲಿ ಎನ್‌ಕೋಡರ್ ಪೂರ್ತಿ ವಿಡಿಯೊ ನೋಡಿ ಎಲ್ಲಿ ಕಷ್ಟ, ಎಲ್ಲಿ ಸಲೀಸು ಎಂದು ಗುರುತು ಹಾಕಿಕೊಳ್ಳುತ್ತದೆ, ಎರಡನೆಯದರಲ್ಲಿ ಹಂಚುತ್ತದೆ. ಎಚ್‌ಸಿಎನ್ಸಿ, ಟಿಎಂಪಿಜಿಎನ್ಸಿ, ಎಫ್‌ಎಫ್‌ಎಂಪೆಗ್ ಮೂರರಲ್ಲೂ ಈ ಸೌಲಭ್ಯ ಇದೆ. ಸರಾಸರಿಗೆ ಮೇಲಿನ ಸೂತ್ರದ ಅಂಕಿ, ಗರಿಷ್ಠಕ್ಕೆ 8000, ಬಫರ್ (ಪ್ಲೇಯರ್ ಮಾಹಿತಿಯನ್ನು ಮುಂಚಿತವಾಗಿ ತುಂಬಿಟ್ಟುಕೊಳ್ಳುವ ಜಾಗ) 1835 ಕಿಲೋಬಿಟ್, ಒಂದು ಫ್ರೇಮ್ ಗುಂಪಿನ ಉದ್ದ 12ರಿಂದ 15. ಪಾಲ್ ಡಿವಿಡಿಯಲ್ಲಿ 15 ದಾಟುವ ಹಾಗಿಲ್ಲ. ಸಮಯ ದುಪ್ಪಟ್ಟು ಹಿಡಿಯುತ್ತದೆ, ಆದರೆ ಒಂದೂವರೆ ಗಂಟೆ ದಾಟಿದ ಯಾವ ಮದುವೆ ವಿಡಿಯೊಗೂ ಒಂದೇ ಸುತ್ತಿನ ಎನ್‌ಕೋಡ್ ಸಾಲದು. ಸರಾಸರಿಯನ್ನು 500 ಏರಿಸುವುದಕ್ಕಿಂತ ಎರಡನೆಯ ಸುತ್ತು ಹೆಚ್ಚು ಕೊಡುತ್ತದೆ.

ಧ್ವನಿಯಲ್ಲಿ ಉಳಿತಾಯ ಮಾಡಲು ಹೋಗಬೇಡಿ. ನಾಗಸ್ವರ, ಡೋಲು ಒಟ್ಟಿಗೆ ಏರಿದಾಗ 128ರ ಎಂಪಿ2 ಕರಕರ ಎನ್ನುತ್ತದೆ. ಎಸಿ-3 ಆದರೆ 192, ಎಂಪಿ2 ಆದರೆ 224ಕ್ಕೆ ಕಡಿಮೆ ಬೇಡ. ಹಾಗೆ ಉಳಿಸಿದ 64 ಕಿಲೋಬಿಟ್‌ನಿಂದ ಚಿತ್ರಕ್ಕೆ ಕಾಣುವಂಥ ಲಾಭ ಏನೂ ಇಲ್ಲ.

ವಿಎಚ್‌ಎಸ್ ಕ್ಯಾಸೆಟ್: ಮೊದಲು ಚುಕ್ಕೆ ಇಳಿಸಿ, ಆಮೇಲೆ ಅಳತೆ ಇಳಿಸಿ

ಇ-180 ಕ್ಯಾಸೆಟ್ ಪೂರ್ತಿ ಮೂರು ಗಂಟೆ ಓಡುತ್ತದೆ, ಒಂದೇ ಡಿಸ್ಕಿಗೆ ಹಾಕಿದರೆ ಚಿತ್ರಕ್ಕೆ 3140 ಸಿಗುತ್ತದೆ. 720×576ರಲ್ಲಿ ಇದು ಪಿಕ್ಸೆಲ್ಲಿಗೆ 0.3 ಬಿಟ್, ಕ್ಯಾಸೆಟ್ಟಿನ ಚಿತ್ರಕ್ಕೆ ಸಾಲದು. ಕ್ಯಾಸೆಟ್ ಚಿತ್ರ ಕಷ್ಟವಾಗುವುದು ಅದರ ವಿವರದಿಂದ ಅಲ್ಲ, ಅದರ ಮೇಲೆ ಕುಣಿಯುವ ಚುಕ್ಕೆಗಳಿಂದ. ಚುಕ್ಕೆ ಪ್ರತಿ ಫ್ರೇಮಿನಲ್ಲೂ ಬೇರೆ ಜಾಗದಲ್ಲಿ ಇರುವುದರಿಂದ ಊಹೆಗೆ ಸಿಗುವುದಿಲ್ಲ, ಬಿಟ್‌ಗಳನ್ನೆಲ್ಲ ಅದೇ ನುಂಗುತ್ತದೆ.

ವಿಎಚ್‌ಎಸ್ ಅಡ್ಡಕ್ಕೆ ಹಿಡಿಯುವ ವಿವರ ಸುಮಾರು 240 ಗೆರೆ. ಡಿವಿಡಿ ಒಪ್ಪುವ 352×576 ಅಳತೆಯಲ್ಲಿ ಅದು ಏನೂ ಕಳೆದುಕೊಳ್ಳದೆ ಕೂರುತ್ತದೆ. ಅದೇ 3140 ಈಗ ಪಿಕ್ಸೆಲ್ಲಿಗೆ 0.6 ಬಿಟ್ ಆಗುತ್ತದೆ, ಎರಡು ಪಟ್ಟು. ಅಗಲವನ್ನು ಮಾತ್ರ ಅರ್ಧ ಮಾಡಬೇಕು, ಎತ್ತರದ 576ನ್ನು ಮುಟ್ಟಬಾರದು. ಎತ್ತರ ಅರ್ಧ ಮಾಡಿದರೆ ಎರಡು ಫೀಲ್ಡುಗಳಲ್ಲಿ ಒಂದು ಹೋಗಿ ಚಲನೆ ಜರ್ಕ್ ಹೊಡೆಯುತ್ತದೆ. 3500ಕ್ಕಿಂತ ಕಡಿಮೆ ಸಿಗುವ ಯಾವ ಕ್ಯಾಸೆಟ್ಟಿಗೂ ಈ ಅರ್ಧ ಅಗಲವೇ ಸರಿ.

ಅದಕ್ಕೂ ಮೊದಲು ಅವಿಸಿಂತ್ ಅಥವಾ ವರ್ಚುವಲ್‌ಡಬ್‌ನಲ್ಲಿ ಹಗುರವಾದ ಟೆಂಪೊರಲ್ ಡಿನಾಯ್ಸ್ ಫಿಲ್ಟರ್ (ಹಿಂದುಮುಂದಿನ ಫ್ರೇಮುಗಳನ್ನು ಹೋಲಿಸಿ ಚುಕ್ಕೆ ಅಳಿಸುವಂಥದು) ಹಾಕಿ. ಫಿಲ್ಟರಿಗೆ ಮೊದಲು ಫೀಲ್ಡುಗಳನ್ನು ಬೇರ್ಪಡಿಸಿ, ಆಮೇಲೆ ಸೇರಿಸಿ. ಹಾಗೆ ಮಾಡದಿದ್ದರೆ ಎರಡು ಬೇರೆ ಕ್ಷಣಗಳ ಸಾಲುಗಳು ಒಂದರೊಳಗೊಂದು ಬೆರೆಯುತ್ತವೆ. ಅತಿಯಾದರೆ ಮುಖ ಮೇಣದಂತಾಗಿ, ರೇಷ್ಮೆ ಸೀರೆಯ ಜರಿಯಂಚು ಒಂದೇ ಬಣ್ಣದ ಪಟ್ಟಿಯಾಗುತ್ತದೆ. ಜರಿಯ ಎಳೆ ಇನ್ನೂ ಕಾಣುತ್ತಿದೆಯೇ ಎಂಬುದೇ ನಿಲ್ಲಿಸಬೇಕಾದ ಗುರುತು. ಚಿತ್ರದ ಕೆಳ ಅಂಚಿನಲ್ಲಿ ವಿಸಿಆರ್‌ನ ಹೆಡ್ ಬದಲಾಗುವಾಗ ಹುಟ್ಟುವ ಹರಿದ ಪಟ್ಟಿಯೊಂದು ಇರುತ್ತದೆ. ಹಳೆಯ ಟಿವಿಯ ಚೌಕಟ್ಟು ಅದನ್ನು ಮುಚ್ಚುತ್ತಿತ್ತು, ಎಲ್‌ಸಿಡಿಯಲ್ಲಿ ಕಾಣುತ್ತದೆ. ಕೆಳಗಿನ 16 ಸಾಲನ್ನು ಕಪ್ಪು ಮಾಡಿಬಿಡಿ. ಎಂಪೆಗ್ ನಾಲ್ಕು 8×8 ಚೌಕಗಳನ್ನು ಸೇರಿಸಿ 16×16ರ ದೊಡ್ಡ ಚೌಕವಾಗಿ ನೋಡುವುದರಿಂದ ಒಂದು ಪೂರ್ತಿ ಸಾಲು ಚೌಕಗಳಿಗೆ ಬಿಟ್ ಖರ್ಚೇ ಇಲ್ಲದಂತಾಗುತ್ತದೆ.

ಪ್ಲೇಯರಿನಲ್ಲಿ ಮಾತ್ರ ನಿಂತುಬಿಡುತ್ತದೆ

ಒಂದೇ ಫೈಲನ್ನು ಎರಡು ಬೇರೆ ಕಂಪನಿಯ ಖಾಲಿ ಡಿಸ್ಕಿಗೆ ಬರೆದು ನೋಡಿ. ಎರಡರಲ್ಲೂ ಅದೇ ಸೆಕೆಂಡಿಗೆ ನಿಂತರೆ ದೋಷ ಫೈಲಿನಲ್ಲಿದೆ. ನಿಲ್ಲುವ ಜಾಗ ಬದಲಾದರೆ, ಅಥವಾ ಕೊನೆಯ ಅರ್ಧ ಗಂಟೆಯಲ್ಲೇ ತೊಂದರೆ ಹೆಚ್ಚಾದರೆ ಡಿಸ್ಕಿನದು. ಡಿವಿಡಿ ಒಳಗಿನಿಂದ ಹೊರಕ್ಕೆ ಬರೆಯುತ್ತದೆ, ಅಗ್ಗದ ಡಿಸ್ಕು ಹೊರ ಅಂಚಿನಲ್ಲೇ ಮೊದಲು ಕೈಕೊಡುತ್ತದೆ.

ದೋಷ ಫೈಲಿನಲ್ಲಿದ್ದರೆ ಮೊತ್ತ ನೋಡಿ. ಡಿವಿಡಿಯಲ್ಲಿ ಚಿತ್ರದ ಗರಿಷ್ಠ 9800, ಚಿತ್ರ ಧ್ವನಿ ಸಬ್‌ಟೈಟಲ್ ಎಲ್ಲ ಸೇರಿ ಗರಿಷ್ಠ 10080. ಧ್ವನಿಯನ್ನು ಸಂಕುಚಿಸದ ಪಿಸಿಎಂನಲ್ಲಿ ಬಿಟ್ಟರೆ ಅದೊಂದೇ 1536 ತಿನ್ನುತ್ತದೆ. ಚಿತ್ರದ ಗರಿಷ್ಠ 9000 ಇಟ್ಟಿದ್ದರೂ ಮೊತ್ತ 10536, ಮಿತಿ ಮೀರಿತು. ಕಂಪ್ಯೂಟರಿಗೆ ಈ ಮಿತಿ ಗೊತ್ತೂ ಆಗುವುದಿಲ್ಲ, ಪ್ಲೇಯರ್ ಫ್ಲ್ಯಾಶ್ ಹೊಡೆದ ಆ ಸೆಕೆಂಡಿಗೇ ಸರಿಯಾಗಿ ತಡವರಿಸುತ್ತದೆ. ಪಿಸಿಎಂ ಬಿಟ್ಟು ಎಸಿ-3ಕ್ಕೆ ಬನ್ನಿ. ಆಥರಿಂಗ್ ವೇಳೆ ‘ಬಫರ್ ಅಂಡರ್‌ಫ್ಲೋ’ ಎಂಬ ಎಚ್ಚರಿಕೆ ಬಂದಿದ್ದರೆ ಎನ್‌ಕೋಡರಿಗೆ 1835ರ ಬಫರ್ ಅಂಕಿ ಕೊಟ್ಟಿಲ್ಲ ಎಂದು ಅರ್ಥ. ಅದನ್ನು ಕೊಟ್ಟು ಮತ್ತೆ ಎನ್‌ಕೋಡ್ ಮಾಡುವುದೇ ದಾರಿ.

ದೋಷ ಡಿಸ್ಕಿನದಾದರೆ ಡ್ರೈವ್ ಕೊಡುವ ಗರಿಷ್ಠ ವೇಗ ಬಿಟ್ಟು 8 ಪಟ್ಟಿಗೆ ಬರೆಯಿರಿ, ಇಮ್‌ಬರ್ನ್‌ನಲ್ಲಿ ವೆರಿಫೈ ಹಾಕಿ. ಮದುಮಕ್ಕಳ ಫೋಟೊ ಇರುವ ಅಂಟು ಕಾಗದವನ್ನು ಡಿಸ್ಕಿನ ಮೇಲೆ ಹಚ್ಚಬೇಡಿ. ತೂಕ ಒಂದು ಕಡೆ ವಾಲಿ ಡಿಸ್ಕು ತಿರುಗುವಾಗ ಅಲುಗುತ್ತದೆ, ಕಾಲಕ್ರಮದಲ್ಲಿ ಕಾಗದ ಮುರುಟಿ ಡಿಸ್ಕನ್ನೇ ಬಾಗಿಸುತ್ತದೆ. ಮುದ್ರಿಸಬಹುದಾದ ಬಿಳಿ ಮೇಲ್ಮೈಯ ಡಿಸ್ಕು ಬಳಸಿ.

ಗೆರೆ ಸೀಳುವುದು, ನಡುಗುವುದು

ಕ್ಯಾಸೆಟ್ ಮತ್ತು ಕ್ಯಾಮ್‌ಕಾರ್ಡರ್ ಚಿತ್ರದಲ್ಲಿ ಒಂದು ಫ್ರೇಮ್ ಎಂದರೆ ಎರಡು ಫೀಲ್ಡ್, ಸೆಕೆಂಡಿನ 50ನೇ ಒಂದು ಪಾಲು ಅಂತರದಲ್ಲಿ ತೆಗೆದವು. ಡಿವಿ ಕ್ಯಾಮರಾದಲ್ಲಿ ಕೆಳಗಿನ ಫೀಲ್ಡ್ ಮೊದಲು. ಹಲವು ಕ್ಯಾಪ್ಚರ್ ಕಾರ್ಡುಗಳಲ್ಲಿ ಮೇಲಿನದು ಮೊದಲು. ಡಿವಿಡಿ ಎರಡನ್ನೂ ಒಪ್ಪುತ್ತದೆ, ಆದರೆ ಎನ್‌ಕೋಡರಿನಲ್ಲಿ ಹೇಳಿದ್ದೂ ನಿಜವೂ ಒಂದೇ ಆಗಿರಬೇಕು. ತಪ್ಪಿದರೆ ನಡೆಯುವ ಮನುಷ್ಯ ಒಂದು ಹೆಜ್ಜೆ ಮುಂದೆ ಅರ್ಧ ಹೆಜ್ಜೆ ಹಿಂದೆ ಹೋದಂತೆ ನಡುಗುತ್ತಾನೆ. ಎಲ್ಲ ಬಿಟ್‌ಗಳೂ ಸರಿಯಾಗಿದ್ದು ಗುರುತು ಮಾತ್ರ ತಪ್ಪಿದ್ದರೆ ರೀಸ್ಟ್ರೀಮ್ ಸಾಫ್ಟ್‌ವೇರಿನಲ್ಲಿ ಆ ಗುರುತನ್ನು ತಿರುಗಿಸಿದರೆ ಸಾಕು. ಇಂಟರ್ಲೇಸ್ ಮೂಲವನ್ನು ಪ್ರೊಗ್ರೆಸಿವ್ ಎಂದು ಎನ್‌ಕೋಡ್ ಮಾಡಿದ್ದರೆ ಹಾಗಾಗದು. ಗೆರೆಗಳು ಚಿತ್ರದೊಳಗೇ ಬೆರೆತು ಬಿಟ್‌ರೇಟನ್ನೂ ತಿಂದಿರುತ್ತವೆ, ಮೂಲದಿಂದ ಮತ್ತೆ ಮಾಡಬೇಕು.

ಡಿವಿಡಿಯಿಂದ ಕೆಳಕ್ಕೆ, ಬ್ಲೂರೇಯಿಂದ ಈಚೆಗೆ

ವಿಸಿಡಿ ಪ್ಲೇಯರ್ ಮಾತ್ರ ಇರುವವರಿಗಾಗಿ ಡಿವಿಡಿಯಿಂದ ವಿಸಿಡಿ ಮಾಡುವಾಗ ಆಯ್ಕೆಯೇ ಇಲ್ಲ: 1150, ಸ್ಥಿರ. ಹೆಚ್ಚಿಸಿದರೆ ಕೆಲವು ಪ್ಲೇಯರ್ ಓಡಿಸುತ್ತವೆ, ಉಳಿದವು ನಿಲ್ಲುತ್ತವೆ. ಇಂಟರ್ಲೇಸ್ ಮೂಲವಾದರೆ ಎರಡು ಫೀಲ್ಡನ್ನು ಬೆರೆಸಬೇಡಿ, ಒಂದನ್ನು ಬಿಟ್ಟು ಇನ್ನೊಂದನ್ನೇ 288 ಸಾಲಾಗಿ ಬಳಸಿ. ನೆರಳು ಬೀಳುವುದು ತಪ್ಪುತ್ತದೆ.

ಒಂದೇ ಡಿಸ್ಕಿನಲ್ಲಿ ಮೂರು ಸಿನಿಮಾ ತುಂಬಿದ ಡಿವಿಡಿಗಳು ನಮ್ಮ ಮಾರುಕಟ್ಟೆಯಲ್ಲಿ ಬಹಳ ಇದ್ದವು. ತಲಾ ಎರಡೂವರೆ ಗಂಟೆ ಎಂದರೆ ಎರಡು ಪದರದ ಡಿಸ್ಕಿನಲ್ಲೂ ಧ್ವನಿ ಸೇರಿ 2400 ಮಾತ್ರ ಸಿಕ್ಕಿರುತ್ತದೆ. ಅದರಿಂದ ಒಂದು ಸಿನಿಮಾ ಬೇರ್ಪಡಿಸುವಾಗ ‘ಈಗ ಡಿಸ್ಕ್ ಪೂರ್ತಿ ಖಾಲಿ ಇದೆ’ ಎಂದು 4000ಕ್ಕೆ ಏರಿಸಿ ಎನ್‌ಕೋಡ್ ಮಾಡುವುದು ವ್ಯರ್ಥ. ಆ ಟೈಟಲನ್ನು ಇದ್ದಂತೆ ಎತ್ತಿ ಹೊಸ ಡಿಸ್ಕಿಗೆ ಹಾಕಿ.

ಬ್ಲೂರೇಯಿಂದ ಡಿವಿಡಿಗೆ ಬರುವಾಗ ಚಿತ್ರಕ್ಕಿಂತ ಧ್ವನಿ ಕಾಡುತ್ತದೆ. ಬ್ಲೂರೇಯ ಎಸಿ-3 640ರವರೆಗೆ ಇರಬಹುದು, ಡಿವಿಡಿಯಲ್ಲಿ 448 ಮಿತಿ. 640ನ್ನು ಹಾಗೆಯೇ ತಂದರೆ ಕಂಪ್ಯೂಟರಿನಲ್ಲಿ ಕೇಳುತ್ತದೆ, ಡಿವಿಡಿ ಪ್ಲೇಯರಿನಲ್ಲಿ ಕೈಕೊಡಬಹುದು. 448ಕ್ಕೆ ಮತ್ತೆ ಎನ್‌ಕೋಡ್ ಮಾಡಿ.

ಅಮೆರಿಕಕ್ಕೆ ಕಳಿಸುವ ಪ್ರತಿ

ಅಲ್ಲಿನ ಮಗಳ ಮನೆಗೆ ಕಳಿಸಿದ ಮದುವೆ ಡಿವಿಡಿ ಕಂಪ್ಯೂಟರಿನಲ್ಲಿ ಓಡಿ ಟಿವಿಯ ಪ್ಲೇಯರಿನಲ್ಲಿ ಓಡದಿದ್ದರೆ ಬಿಟ್‌ರೇಟನ್ನೂ ರೀಜನ್ ಕೋಡನ್ನೂ (ಯಾವ ದೇಶದಲ್ಲಿ ಓಡಬೇಕೆಂದು ಡಿಸ್ಕಿಗೆ ಹಾಕುವ ಬೀಗ) ದೂರಬೇಡಿ. ಮನೆಯಲ್ಲಿ ಬರ್ನ್ ಮಾಡಿದ ಡಿಸ್ಕಿಗೆ ಸಾಮಾನ್ಯವಾಗಿ ರೀಜನ್ ನಿರ್ಬಂಧ ಇರುವುದಿಲ್ಲ. ಅಲ್ಲಿನ ಅನೇಕ ಪ್ಲೇಯರುಗಳು ಪಾಲ್ ಡಿಸ್ಕನ್ನು ಒಪ್ಪುವುದಿಲ್ಲ, ಅಷ್ಟೇ. ಇಲ್ಲಿನ ಪ್ಲೇಯರುಗಳು ಸಾಮಾನ್ಯವಾಗಿ ಎರಡನ್ನೂ ಓಡಿಸುವುದರಿಂದ ಈ ತೊಂದರೆ ಇಲ್ಲಿ ಗೊತ್ತೇ ಆಗುವುದಿಲ್ಲ. ಅಮೆರಿಕದ ಪದ್ಧತಿಯಾದ ಎನ್‌ಟಿಎಸ್‌ಸಿಯ ಪ್ರತಿ ಬೇಕು: 720×480, ಸೆಕೆಂಡಿಗೆ 29.97 ಫ್ರೇಮ್, ಗುಂಪಿನ ಉದ್ದ 18ರವರೆಗೆ.

ಫ್ರೇಮ್ ಹೆಚ್ಚಾಯಿತು ಎಂದು ಬಿಟ್‌ರೇಟ್ ಏರಿಸಬೇಕಾಗಿಲ್ಲ. ಪಾಲ್‌ನಲ್ಲಿ ಸೆಕೆಂಡಿಗೆ 1,03,68,000 ಪಿಕ್ಸೆಲ್, ಎನ್‌ಟಿಎಸ್‌ಸಿಯಲ್ಲಿ ಸುಮಾರು 1,03,57,600. ಹೆಚ್ಚುಕಡಿಮೆ ಒಂದೇ. ಹಳೆಯ ಸೂತ್ರದ ಅಂಕಿಯನ್ನೇ ಇಡಿ. ಎಚ್ಚರ ವಹಿಸಬೇಕಾದದ್ದು ದರ ಬದಲಾಯಿಸುವ ರೀತಿಯಲ್ಲಿ. ಐದು ಫ್ರೇಮಿಗೊಂದನ್ನು ಎರಡು ಸಲ ತೋರಿಸಿ 25ನ್ನು 30 ಮಾಡುವ ಸುಲಭದ ದಾರಿಯಲ್ಲಿ ಕ್ಯಾಮರಾ ಅಡ್ಡ ತಿರುಗಿದಾಗೆಲ್ಲ ಸೆಕೆಂಡಿಗೆ ಐದು ಸಲ ಜರ್ಕ್ ಕಾಣುತ್ತದೆ. ಮೊದಲು ಪ್ರತಿ ಫೀಲ್ಡನ್ನೂ ಪೂರ್ತಿ ಫ್ರೇಮ್ ಮಾಡಿ ಸೆಕೆಂಡಿಗೆ 50ಕ್ಕೆ ಏರಿಸಿ, 480ಕ್ಕೆ ಇಳಿಸಿ, 59.94ಕ್ಕೆ ಬದಲಾಯಿಸಿ, ಮತ್ತೆ ಫೀಲ್ಡುಗಳಾಗಿ ಹೆಣೆಯಿರಿ. ಧ್ವನಿಯನ್ನು ಮುಟ್ಟಬೇಡಿ, ಅವಧಿ ಬದಲಾಗುವುದಿಲ್ಲ.

ಪೂರ್ತಿ ಎನ್‌ಕೋಡಿಗೆ ಕೂರುವ ಮುನ್ನ ಅಕ್ಷತೆಯ ಭಾಗದಿಂದ ಒಂದು ನಿಮಿಷ ಕತ್ತರಿಸಿ, ನೀವು ತೆಗೆದ ಅಂಕಿಯನ್ನು ಸ್ಥಿರ ಬಿಟ್‌ರೇಟಾಗಿ ಒಂದು ಸಲ, 8000ವನ್ನು ಸ್ಥಿರವಾಗಿ ಇನ್ನೊಂದು ಸಲ ಎನ್‌ಕೋಡ್ ಮಾಡಿ, ಎರಡನ್ನೂ ಒಂದು ರೀರೈಟಬಲ್ ಡಿಸ್ಕಿಗೆ ಬರೆದು ಟಿವಿಯಲ್ಲಿ ನೋಡಿ. ಎರಡು ಸುತ್ತಿನ ಎನ್‌ಕೋಡಿನಲ್ಲಿ ಆ ದೃಶ್ಯ ಇವೆರಡರ ನಡುವೆ ಎಲ್ಲೋ ಬರುತ್ತದೆ. 8000ದಲ್ಲೂ ಚಿತ್ರ ಒಡೆಯುತ್ತಿದ್ದರೆ ಹಿಂದಕ್ಕೆ ಹೋಗಿ ಮೂಲವನ್ನೂ ಚುಕ್ಕೆಗಳನ್ನೂ ಫೀಲ್ಡ್ ಕ್ರಮವನ್ನೂ ಮತ್ತೆ ನೋಡಿ. ಮೂಲದಿಂದ ತೆಗೆದ ಎಂಪೆಗ್ ಅಥವಾ ಕ್ಯಾಪ್ಚರ್ ಫೈಲನ್ನು ಹಾರ್ಡ್ ಡಿಸ್ಕಿನಲ್ಲಿ ಇಟ್ಟುಕೊಳ್ಳಿ. ಮುಂದಿನ ಪ್ರತಿ ಮಾಡಬೇಕಾದಾಗ ಡಿವಿಡಿಯಿಂದಲ್ಲ, ಆ ಫೈಲಿನಿಂದಲೇ ಮಾಡಿ.